ಸಂಕುಚಿತ ಚಿತ್ರದ ಪಾಠನಿರ್ಣಯ: 'ಲಿಬ್‌ಜೆಪೆಗ್' ಕೃತಿಯ ಒಂದು ವಿಮರ್ಶೆ

ಆಕರಗಳನ್ನು ಮೂಲದಲ್ಲಿಯೇ ಕಂಡು ಓದಬೇಕೆಂಬುದು ಇತಿಹಾಸಶಾಸ್ತ್ರದ ಮೊದಲನೆಯ ನಿಯಮ. ಆದರೆ ಈಗ ನಮ್ಮಲ್ಲಿ ಬಹುಮಂದಿ ಓದುವುದು ಮೂಲವನ್ನಲ್ಲ, ಅದರ ಛಾಯಾಚಿತ್ರವನ್ನು. ಅದೂ ಕಾಗದದ ಮೇಲಿನ ಛಾಯಾಚಿತ್ರವನ್ನಲ್ಲ, ಗಣಕಯಂತ್ರದ ತೆರೆಯ ಮೇಲೆ ಮೂಡುವ ಬಣ್ಣದ ಚುಕ್ಕಿಗಳನ್ನು. ದಫ್ತರಖಾನೆಯ ಕಾಗದವಾಗಲಿ, ತಾಮ್ರಶಾಸನದ ಪಡಿಯಚ್ಚಾಗಲಿ, ತಾಳೆಗರಿಯ ಹಸ್ತಪ್ರತಿಯಾಗಲಿ, ಒಮ್ಮೆ ಚಿತ್ರವಾಗಿ ಕಡತದೊಳಕ್ಕೆ ಸೇರಿತೆಂದರೆ ಪ್ರಾಯಶಃ ಅದು ಸಂಕುಚಿತ ರೂಪದಲ್ಲಿಯೇ ನಮ್ಮ ಕೈಗೆ ಬರುತ್ತದೆ. ಆ ರೂಪವನ್ನು ಮನುಷ್ಯನ ಕಣ್ಣು ನೇರವಾಗಿ ಓದಲಾರದು. ಅದನ್ನು ಬಿಡಿಸಿ ಹೇಳುವ ಓದುಗನೊಬ್ಬ ನಡುವೆ ನಿಲ್ಲಬೇಕು. ಆ ಓದುಗ ಯಾರು, ಅವನು ಯಾವ ನಿಯಮದಿಂದ ಓದುತ್ತಾನೆ, ಓದಲಾಗದ ಕಡೆ ಏನು ಮಾಡುತ್ತಾನೆ ಎಂಬ ಪ್ರಶ್ನೆಗಳನ್ನು ಹಸ್ತಪ್ರತಿಯ ಲಿಪಿಕಾರನನ್ನು ಕುರಿತು ನಾವು ಬಿಡದೆ ಕೇಳುತ್ತೇವೆ. ಈ ಹೊಸ ಲಿಪಿಕಾರನನ್ನು ಕುರಿತು ಕೇಳುವುದಿಲ್ಲ. ಪ್ರಸ್ತುತ ಲೇಖನದ ಉದ್ದೇಶ ಆ ಕೊರತೆಯನ್ನು ಒಂದು ಕೃತಿಯ ಮಟ್ಟಿಗಾದರೂ ತುಂಬುವುದು.

ನಾವು ವಿಮರ್ಶೆಗೆ ಎತ್ತಿಕೊಂಡಿರುವ ಕೃತಿ 'ಲಿಬ್‌ಜೆಪೆಗ್' ಎಂಬುದು. ಇದು ಸಿ ಭಾಷೆಯಲ್ಲಿ ಬರೆದ ಒಂದು ಲೈಬ್ರರಿ. ಎಂದರೆ ತಾನೇ ಒಂದು ಸಂಪೂರ್ಣ ಪ್ರೋಗ್ರಾಂ ಆಗಿರದೆ, ಇತರ ಪ್ರೋಗ್ರಾಂಗಳು ಕರೆದು ಉಪಯೋಗಿಸಿಕೊಳ್ಳುವುದಕ್ಕಾಗಿ ಸಿದ್ಧಪಡಿಸಿಟ್ಟ ವಿಧಿಗಳ ಸಂಗ್ರಹ. ಜೆಪೆಗ್ ಪದ್ಧತಿಯ ಚಿತ್ರಗಳನ್ನು ಸಂಕೋಚಿಸುವುದೂ ಬಿಡಿಸುವುದೂ ಇದರ ಕೆಲಸ. ಇಂತಹದನ್ನು 'ಕೃತಿ' ಎಂದು ಕರೆಯುವುದು ಕೆಲವರಿಗೆ ಅತಿಶಯವಾಗಿ ತೋರಬಹುದು. ಆದರೆ ಇದಕ್ಕೆ ಕರ್ತೃಗಳುಂಟು, ಆವೃತ್ತಿಗಳುಂಟು, ಪಾಠಾಂತರಗಳುಂಟು, ಕರ್ತೃಗಳೇ ಬರೆದ ವ್ಯಾಖ್ಯಾನವೂ ಉಂಟು. ಅದರ ಮೂಲಪಾಠ ಎಲ್ಲರಿಗೂ ತೆರೆದಿದೆ. ಇಷ್ಟು ಲಕ್ಷಣಗಳಿರುವ ಬರಹವನ್ನು ವಿಮರ್ಶೆಯ ಹೊರಗಿಡಲು ನಮಗೆ ಕಾರಣ ಕಾಣುವುದಿಲ್ಲ.

ಕೃತಿಯ ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳಬೇಕು. ಜೆಪೆಗ್ ಎಂಬ ಹೆಸರು ಛಾಯಾಚಿತ್ರತಜ್ಞರ ಒಂದು ಜಂಟಿ ಸಮಿತಿಯದು. ಆ ಸಮಿತಿ ಸಿದ್ಧಪಡಿಸಿದ ಮಾನಕ ೧೯೯೨ರಲ್ಲಿ ಅಂತರರಾಷ್ಟ್ರೀಯ ದೂರಸಂಪರ್ಕ ಸಂಸ್ಥೆಯ ಅಂಗೀಕಾರವನ್ನು ಪಡೆದು, ೧೯೯೪ರಲ್ಲಿ ಅಂತರರಾಷ್ಟ್ರೀಯ ಮಾನಕ ಸಂಸ್ಥೆಯಿಂದಲೂ ಪ್ರಕಟವಾಯಿತು. ಮಾನಕ ಅಧಿಕೃತವಾಗಿ ಹೊರಬರುವ ಮೊದಲೇ, ೧೯೯೧ರ ಅಕ್ಟೋಬರಿನಲ್ಲಿ, 'ಇಂಡಿಪೆಂಡೆಂಟ್ ಜೆಪೆಗ್ ಗ್ರೂಪ್' ಎಂಬ ಸ್ವತಂತ್ರ ಬಳಗವೊಂದು ತನ್ನ ಲೈಬ್ರರಿಯ ಮೊದಲ ಆವೃತ್ತಿಯನ್ನು ಯಾರು ಬೇಕಾದರೂ ಉಚಿತವಾಗಿ ಬಳಸುವಂತೆ ಹೊರತಂದಿತು. ಈ ಬಳಗಕ್ಕೆ ಮುಖ್ಯಸೂತ್ರಧಾರರಾಗಿದ್ದವರು ಟಾಮ್ ಲೇನ್. ಪೋಸ್ಟ್‌ಗ್ರೆಸ್ ಎಂಬ ಮಾಹಿತಿಕೋಶವ್ಯವಸ್ಥೆಯ ಪ್ರಮುಖ ಕರ್ತೃಗಳಲ್ಲಿಯೂ ಇವರು ಒಬ್ಬರು. ೧೯೯೪ರಲ್ಲಿ ಐದನೆಯ, ೧೯೯೫ರಲ್ಲಿ ಆರನೆಯ ಆವೃತ್ತಿಗಳು ಬಂದುವು. ೧೯೯೮ರ ಮಾರ್ಚಿ ೨೭ರಂದು ಹೊರಬಂದ '೬ಬಿ' ಎಂಬ ಆವೃತ್ತಿಯೇ ಹನ್ನೊಂದು ವರ್ಷಗಳ ಕಾಲ ಕೃತಿಯ ಪ್ರಚಲಿತಪಾಠವಾಗಿ ನಿಂತಿತು. ಮಾನಕದ ಪುಸ್ತಕವನ್ನು ಕಣ್ಣಿನಿಂದಲೂ ಕಾಣದ ಎಷ್ಟೋ ಮಂದಿಗೆ ಜೆಪೆಗ್ ಎಂದರೆ ಈ ೬ಬಿ ಹೇಗೆ ಓದುತ್ತದೆಯೋ ಅದೇ ಆಗಿತ್ತು. ಸೂತ್ರಕ್ಕಿಂತ ವೃತ್ತಿಯೇ ಪ್ರಮಾಣವಾಗಿಬಿಟ್ಟ ಉದಾಹರಣೆಗಳು ನಮ್ಮ ಶಾಸ್ತ್ರಗಳ ಚರಿತ್ರೆಯಲ್ಲಿ ಅಪರೂಪವೇನಲ್ಲ.

೨೦೦೯ರಲ್ಲಿ ಏಳನೆಯ ಆವೃತ್ತಿ ಬೇರೆಯವರ ನೇತೃತ್ವದಲ್ಲಿ ಹೊರಬಂದಿತು. ಅಲ್ಲಿಂದ ಪರಂಪರೆ ಕವಲೊಡೆಯಿತು. ೬ಬಿಯ ಪಾಠವನ್ನೇ ಆಧಾರವಾಗಿಟ್ಟುಕೊಂಡು ವೇಗವನ್ನು ಹೆಚ್ಚಿಸಿದ 'ಲಿಬ್‌ಜೆಪೆಗ್-ಟರ್ಬೊ' ೨೦೧೦ರಲ್ಲಿ ಪ್ರಕಟವಾಯಿತು. ೨೦೧೯ರಲ್ಲಿ ಮಾನಕದ ಆಕರಾನುಷ್ಠಾನಗಳಲ್ಲಿ ಒಂದೆಂದು ಇದಕ್ಕೆ ಅಧಿಕೃತ ಮನ್ನಣೆಯೂ ದೊರೆಯಿತು. ಹೀಗಾಗಿ ಈಗ ಒಂದೇ ಕಡತವನ್ನು ಓದುವ ಎರಡು ಶಾಖೆಗಳು ಚಾಲ್ತಿಯಲ್ಲಿವೆ. ಶಾಖೆಗಳ ಓದಿನಲ್ಲಿ ಭೇದವಿದೆಯೆ ಎಂಬುದು ಮುಂದೆ ವಿಚಾರಿಸತಕ್ಕ ವಿಷಯ. ಅದಕ್ಕೆ ಮೊದಲು, ಓದುವುದೆಂದರೆ ಇಲ್ಲಿ ಏನೆಂಬುದನ್ನು ತಿಳಿಯಬೇಕು.

ನಾಲ್ಕು ಸಾವಿರ ಚುಕ್ಕಿ ಅಗಲ, ಮೂರು ಸಾವಿರ ಚುಕ್ಕಿ ಎತ್ತರದ ಒಂದು ವರ್ಣಚಿತ್ರವನ್ನು ಯಥಾವತ್ತಾಗಿ ಬರೆದಿಡಲು ಮೂರು ಕೋಟಿ ಅರವತ್ತು ಲಕ್ಷ ಬೈಟುಗಳು ಬೇಕು. ಜೆಪೆಗ್ ಅದನ್ನು ಹತ್ತರಲ್ಲೊಂದು ಭಾಗಕ್ಕೋ ಇನ್ನೂ ಕಡಮೆಗೋ ಇಳಿಸುತ್ತದೆ. ಇದು ಎರಡು ಬಗೆಯ ಉಪಾಯಗಳಿಂದ ಸಾಧ್ಯವಾಗುತ್ತದೆ: ಒಂದು, ಹೇಳಬೇಕಾದುದನ್ನು ಚಿಕ್ಕದಾಗಿ ಹೇಳುವುದು, ಮತ್ತೊಂದು, ಕೆಲವನ್ನು ಹೇಳದೆ ಬಿಡುವುದು. ಮೊದಲನೆಯದರಿಂದ ಏನೂ ನಷ್ಟವಿಲ್ಲ. ಎರಡನೆಯದರಿಂದ ಆದ ನಷ್ಟ ಶಾಶ್ವತ.

ಚಿಕ್ಕದಾಗಿ ಹೇಳುವ ವಿದ್ಯೆ ಡೇವಿಡ್ ಹಫ್‌ಮನ್ನನದು. ೧೯೫೧ರಲ್ಲಿ ಮೆಸಾಚುಸೆಟ್ಸ್ ತಾಂತ್ರಿಕ ವಿದ್ಯಾಲಯದಲ್ಲಿ ವಿದ್ಯಾರ್ಥಿಯಾಗಿದ್ದ ಈತ, ಪರೀಕ್ಷೆಗೆ ಬದಲಾಗಿ ಅಧ್ಯಾಪಕ ರಾಬರ್ಟ್ ಫ್ಯಾನೊ ಒಡ್ಡಿದ ಸಮಸ್ಯೆಯನ್ನು ಬಿಡಿಸಲು ಹೊರಟು, ಪದೇ ಪದೇ ಬರುವ ಸಂಕೇತಕ್ಕೆ ಗಿಡ್ಡ ಗುರುತನ್ನೂ ಅಪರೂಪದ ಸಂಕೇತಕ್ಕೆ ಉದ್ದ ಗುರುತನ್ನೂ ಕೊಡುವ ಅತ್ಯುತ್ತಮ ಕ್ರಮವನ್ನು ಕಂಡುಹಿಡಿದ. ೧೯೫೨ರಲ್ಲಿ ಅದು ಪ್ರಕಟವಾಯಿತು. ಇದರ ವೈಶಿಷ್ಟ್ಯವೆಂದರೆ, ಗುರುತುಗಳ ನಡುವೆ ಅಂತರವನ್ನು ಬಿಡುವ ಅಗತ್ಯವಿಲ್ಲ. ಯಾವ ಗುರುತೂ ಮತ್ತೊಂದರ ಆದಿಭಾಗವಾಗಿರುವುದಿಲ್ಲವಾದ್ದರಿಂದ ಎಡದಿಂದ ಓದುತ್ತ ಹೋದರೆ ಪದವಿಭಾಗ ತಾನಾಗಿ ಆಗುತ್ತದೆ. ಪದಗಳ ನಡುವೆ ತೆರಪಿಲ್ಲದೆ ಕೊರೆದ ಶಾಸನಗಳನ್ನು ಓದಿ ಪಳಗಿದವರಿಗೆ ಇದರ ಸುಖವೂ ಅಪಾಯವೂ ಒಡನೆ ಹೊಳೆಯುತ್ತವೆ. ಒಂದು ಕಡೆ ಪದಚ್ಛೇದ ತಪ್ಪಿತೆಂದರೆ ಮುಂದಿನದೆಲ್ಲ ತಪ್ಪುತ್ತದೆ. ಜೆಪೆಗ್ಗಿನಲ್ಲಿ ಗುರುತಿನ ಉದ್ದ ಹದಿನಾರು ಬಿಟ್‌ಗಳವರೆಗೆ ಹೋಗಬಹುದು. ಲಿಬ್‌ಜೆಪೆಗ್ ಒಂದೊಂದೇ ಬಿಟ್ಟನ್ನು ತಡಕುವುದಿಲ್ಲ. ಮುಂದಿನ ಎಂಟು ಬಿಟ್‌ಗಳನ್ನು ಒಟ್ಟಿಗೆ ನೋಡಿ, ೨೫೬ ಮನೆಗಳ ಒಂದು ಕೋಷ್ಟಕದಲ್ಲಿ ಅದನ್ನು ಹುಡುಕಿ, ಗುರುತು ಯಾವುದು ಮತ್ತು ಅದರ ಉದ್ದ ಎಷ್ಟು ಎಂಬುದನ್ನು ಒಂದೇ ನೋಟಕ್ಕೆ ನಿರ್ಧರಿಸುತ್ತದೆ. ಎಂಟಕ್ಕಿಂತ ಉದ್ದವಾದ ಅಪರೂಪದ ಗುರುತಿಗೆ ಮಾತ್ರ ನಿಧಾನದ ದಾರಿಯನ್ನು ಹಿಡಿಯುತ್ತದೆ. ರೂಢಿಯಿರುವ ಓದುಗನು ಅಕ್ಷರಗಳನ್ನು ಕೂಡಿಸಿಕೊಳ್ಳದೆ ಪದವನ್ನೇ ಗ್ರಹಿಸುವಂತೆ ಇದು.

ಹೇಳದೆ ಬಿಡುವ ವಿದ್ಯೆಗೆ ಆಧಾರವಾದುದು 'ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್' ಎಂಬ ಗಣಿತಕ್ರಿಯೆ. ಇದರ ಕರ್ತೃ ನಾಸಿರ್ ಅಹ್ಮದ್ ಹುಟ್ಟಿದ್ದು ೧೯೪೦ರಲ್ಲಿ, ನಮ್ಮ ಬೆಂಗಳೂರಿನಲ್ಲಿ. ಈಗ ವಿಶ್ವೇಶ್ವರಯ್ಯನವರ ಹೆಸರನ್ನು ಹೊತ್ತಿರುವ ಇಲ್ಲಿನ ಇಂಜಿನಿಯರಿಂಗ್ ಕಾಲೇಜಿನಲ್ಲಿ ೧೯೬೧ರಲ್ಲಿ ಪದವಿಯನ್ನು ಪಡೆದು ಅವರು ಅಮೆರಿಕಕ್ಕೆ ಹೋದರು. ಈ ಕ್ರಿಯೆಯ ಕಲ್ಪನೆಯನ್ನು ೧೯೭೨ರಲ್ಲಿ ಅಲ್ಲಿಯ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಮುಂದಿಟ್ಟು ಧನಸಹಾಯವನ್ನು ಕೇಳಿದಾಗ ಅದು ದೊರೆಯಲಿಲ್ಲ. ಆದರೂ ಕೆಲಸವನ್ನು ಬಿಡದೆ, ಟಿ. ನಟರಾಜನ್ ಮತ್ತು ಕೆ. ಆರ್. ರಾವ್ ಅವರೊಡನೆ ೧೯೭೪ರ ಜನವರಿಯಲ್ಲಿ ಅದನ್ನು ಪ್ರಕಟಿಸಿದರು. ನೆರವನ್ನು ನಿರಾಕರಿಸಿದವರ ಹೆಸರುಗಳನ್ನು ಯಾರೂ ನೆನೆಯುವುದಿಲ್ಲ. ಕ್ರಿಯೆಯೋ, ದಿನಕ್ಕೆ ಎಷ್ಟು ಸಲ ಎಂದು ಎಣಿಸಲಾಗದಷ್ಟು ಸಲ ನಡೆಯುತ್ತಿದೆ.

ಚಿತ್ರವನ್ನು ಎಂಟು ಚುಕ್ಕಿ ಅಗಲ, ಎಂಟು ಚುಕ್ಕಿ ಎತ್ತರದ ಚೌಕಗಳಾಗಿ ಕತ್ತರಿಸಿ, ಪ್ರತಿಯೊಂದು ಚೌಕದ ಅರವತ್ತನಾಲ್ಕು ಬೆಲೆಗಳನ್ನು ಈ ಕ್ರಿಯೆಯಿಂದ ಅರವತ್ತನಾಲ್ಕು ಗುಣಾಂಕಗಳಾಗಿ ಮಾರ್ಪಡಿಸುತ್ತಾರೆ. ಮೊದಲನೆಯ ಗುಣಾಂಕ ಚೌಕದ ಸರಾಸರಿ ಹೊಳಪನ್ನು ಹೇಳುತ್ತದೆ. ಉಳಿದ ಅರವತ್ತಮೂರು ಕ್ರಮವಾಗಿ ಒರಟಾದ, ನಯವಾದ, ಅತಿ ಸೂಕ್ಷ್ಮವಾದ ಏರಿಳಿತಗಳನ್ನು ಹೇಳುತ್ತವೆ. ಬಳಿಕ ಪ್ರತಿಯೊಂದನ್ನೂ ನಿಗದಿಯಾದ ಒಂದು ಅಂಕೆಯಿಂದ ಭಾಗಿಸಿ ಪೂರ್ಣಾಂಕಕ್ಕೆ ಇಳಿಸುತ್ತಾರೆ. ಒಂದು ಗುಣಾಂಕ ೩೭ ಆಗಿದ್ದು ಭಾಜಕ ೧೬ ಆಗಿದ್ದರೆ ಕಡತದಲ್ಲಿ ಬರೆಯುವುದು ೨ ಮಾತ್ರ. ಬಿಡಿಸುವವನು ೨ನ್ನು ೧೬ರಿಂದ ಗುಣಿಸಿ ೩೨ ಎಂದು ಓದುತ್ತಾನೆ. ಉಳಿದ ೫ ಎಲ್ಲಿ ಹೋಯಿತೆಂದು ಅವನನ್ನು ಕೇಳಿ ಫಲವಿಲ್ಲ. ಅಂತಹದೊಂದು ಇತ್ತೆಂಬುದೇ ಅವನಿಗೆ ತಿಳಿಯದು. ಸೂಕ್ಷ್ಮ ಏರಿಳಿತಗಳಲ್ಲಿ ಹಲವು ಈ ಭಾಗಾಕಾರದಲ್ಲಿ ಸೊನ್ನೆಯಾಗಿ ಅಳಿಸಿಹೋಗುತ್ತವೆ. ಲೇಖನಿಯ ತೆಳುಗೆರೆ, ಮಾಸಿದ ಬಿಂದು, ಓಲೆಯ ಮೇಲಿನ ಕೂದಲೆಳೆಯಂತಹ ಗೀರು ಇವೆಲ್ಲ ಇರುವುದು ಆ ಸೂಕ್ಷ್ಮ ಏರಿಳಿತಗಳಲ್ಲಿಯೇ ಎಂಬುದನ್ನು ಲಿಪಿಶಾಸ್ತ್ರಜ್ಞರು ಮರೆಯಬಾರದು.

ಈಗ ಪಾಠಾಂತರಗಳ ವಿಚಾರಕ್ಕೆ ಬರೋಣ. ಮಾನಕವು ಕಡತದ ರಚನೆಯನ್ನು ಬಿಟ್ ಬಿಟ್ಟಿನವರೆಗೂ ಕಟ್ಟುನಿಟ್ಟಾಗಿ ವಿಧಿಸಿದೆಯಾದರೂ, ಗುಣಾಂಕಗಳಿಂದ ಚುಕ್ಕಿಗಳಿಗೆ ಮರಳುವ ಲೆಕ್ಕದಲ್ಲಿ ಇಂತಿಷ್ಟು ನಿಖರತೆ ಇದ್ದರೆ ಸಾಕೆಂದು ಸ್ವಲ್ಪ ಸ್ವಾತಂತ್ರ್ಯವನ್ನು ಕೊಟ್ಟಿದೆ. ಲಿಬ್‌ಜೆಪೆಗ್ ಈ ಒಂದು ಲೆಕ್ಕಕ್ಕೆ ಮೂರು ವಿಧಾನಗಳನ್ನು ಒಳಗೊಂಡಿದೆ. ನಿಧಾನವಾದರೂ ನಿಖರವಾದ ಪೂರ್ಣಾಂಕವಿಧಾನ ಲೋಫ್ಲರ್ ಮೊದಲಾದವರ ೧೯೮೯ರ ಪ್ರಬಂಧವನ್ನು ಅನುಸರಿಸಿದುದು, ವೇಗವಾದ ಆದರೆ ಅಷ್ಟು ನಿಖರವಲ್ಲದ ಪೂರ್ಣಾಂಕವಿಧಾನಕ್ಕೆ ಅರಾಯ್, ಅಗುಯಿ, ನಕಾಜಿಮಾ ಎಂಬ ಜಪಾನೀ ವಿದ್ವಾಂಸರ ೧೯೮೮ರ ಕ್ರಮವು ಆಧಾರ, ಮೂರನೆಯದು ದಶಾಂಶಗಣಿತದ್ದು. ಯಾವುದನ್ನೂ ಹೆಸರಿಸದಿದ್ದರೆ ಮೊದಲನೆಯದೇ ನಡೆಯುತ್ತದೆ. ಮೂರೂ ಕೊಡುವ ಚುಕ್ಕಿಗಳು ಎಲ್ಲ ಕಡೆಯೂ ಒಂದೇ ಆಗಿರುವುದಿಲ್ಲ. ಆದರೆ ಈ ಭೇದ ಬಹಳ ಅಲ್ಪ, ಕಣ್ಣಿಗೆ ಕಾಣುವಂತಹುದಲ್ಲ. ಇದನ್ನು ದೊಡ್ಡದು ಮಾಡುವವರೊಡನೆ ನಮಗೆ ಸಹಮತವಿಲ್ಲ.

ಬಣ್ಣದ ವಿಷಯ ಹಾಗಲ್ಲ. ಮನುಷ್ಯನ ಕಣ್ಣು ಹೊಳಪಿನ ಭೇದವನ್ನು ಗ್ರಹಿಸುವಷ್ಟು ಸೂಕ್ಷ್ಮವಾಗಿ ಬಣ್ಣದ ಭೇದವನ್ನು ಗ್ರಹಿಸದೆಂಬ ಕಾರಣದಿಂದ, ಸಾಮಾನ್ಯವಾಗಿ ನಾಲ್ಕು ಚುಕ್ಕಿಗಳಿಗೆ ಹೊಳಪನ್ನು ಬೇರೆ ಬೇರೆಯಾಗಿ ಬರೆದು, ಬಣ್ಣವನ್ನು ಮಾತ್ರ ನಾಲ್ಕಕ್ಕೂ ಸೇರಿ ಒಂದೇ ಸಲ ಬರೆಯುತ್ತಾರೆ. ಬಿಡಿಸುವವನು ಆ ಒಂದು ಬಣ್ಣವನ್ನು ಮತ್ತೆ ನಾಲ್ಕಕ್ಕೆ ಹಂಚಬೇಕು. ಹೇಗೆ ಹಂಚುವುದು? ಒಂದನ್ನೇ ನಾಲ್ಕು ಕಡೆ ಹಾಕಬಹುದು. ಲಿಬ್‌ಜೆಪೆಗ್ಗಿನಲ್ಲಿ ಈ ದಾರಿ ಇದೆ. ಆದರೆ ೬ಬಿ ಸಹಜವಾಗಿ ಅನುಸರಿಸುವುದು ಬೇರೊಂದನ್ನು: ಒಂದೊಂದು ದಿಕ್ಕಿನಲ್ಲಿಯೂ ಹತ್ತಿರದ ಬೆಲೆಯಿಂದ ಮುಕ್ಕಾಲನ್ನೂ ಅದರಾಚೆಯ ಬೆಲೆಯಿಂದ ಕಾಲನ್ನೂ ತೆಗೆದುಕೊಂಡು ಕೂಡಿಸುವುದು. ಎರಡು ದಿಕ್ಕುಗಳೂ ಸೇರಿದಾಗ ಸಮೀಪದ ಬಣ್ಣಕ್ಕೆ ಹದಿನಾರರಲ್ಲಿ ಒಂಬತ್ತು ಪಾಲು, ಅಕ್ಕದ ಎರಡಕ್ಕೆ ಮೂರು ಮೂರು ಪಾಲು, ಮೂಲೆಯದಕ್ಕೆ ಒಂದು ಪಾಲು ಬೀಳುತ್ತದೆ. ಏಳನೆಯ ಆವೃತ್ತಿ ಇದನ್ನು ಬಿಟ್ಟು, ಕೊಸೈನ್ ಕ್ರಿಯೆಯನ್ನೇ ಹಿಗ್ಗಿಸಿ ಬಣ್ಣವನ್ನು ಹಿರಿದಾಗಿ ಮಾಡುವ ಹೊಸ ದಾರಿಯನ್ನು ಹಿಡಿಯಿತು. ಟರ್ಬೊ ಶಾಖೆ ಹಳೆಯ ದಾರಿಯನ್ನೇ ಉಳಿಸಿಕೊಂಡಿತು. ಹೀಗಿರಲು, ಒಂದೇ ಕಡತದಲ್ಲಿ ಕೆಂಪುಶಾಯಿಯ ತೆಳುಗೆರೆಯೊಂದಿದ್ದರೆ, ಅದರ ಅಂಚಿನಲ್ಲಿ ಕೆಂಪು ಎಷ್ಟು ದೂರ ಹರಡಿದೆ ಎಂಬ ಪ್ರಶ್ನೆಗೆ ಎರಡು ಶಾಖೆಗಳೂ ಒಂದೇ ಉತ್ತರವನ್ನು ಕೊಡುವುದಿಲ್ಲ. ಎರಡೂ ಊಹೆಗಳೇ. ಯಾವುದು ಮೂಲಕ್ಕೆ ಸಮೀಪವೆಂಬುದನ್ನು ಕಡತ ಹೇಳದು. ಕಾಗದದ ಮೇಲಿನ ಕೆಂಪುಗುರುತನ್ನು ಶಾಯಿಯೋ ಕಲೆಯೋ ಎಂದು ವಾದಿಸುವವರು ತಾವು ನೋಡುತ್ತಿರುವುದು ಯಾವ ಶಾಖೆಯ ಪಾಠವೆಂದು ಮೊದಲು ಹೇಳಬೇಕಾಗುತ್ತದೆ.

ಇದಕ್ಕಿಂತಲೂ ಗಂಭೀರವಾದುದು ಖಿಲಭಾಗಗಳ ಪ್ರಶ್ನೆ. ಕಡತ ನಡುವೆ ಕೆಟ್ಟಿದ್ದರೆ, ಅಥವಾ ಕೊನೆ ಮುರಿದುಹೋಗಿದ್ದರೆ, ಲಿಬ್‌ಜೆಪೆಗ್ ಏನು ಮಾಡುತ್ತದೆ? ಇಲ್ಲಿ ಕರ್ತೃಗಳ ಮನೋಧರ್ಮ ಸ್ಪಷ್ಟವಾಗಿ ವ್ಯಕ್ತವಾಗುತ್ತದೆ. ಅವರ ನಿಲುವು, ಹೇಗಾದರೂ ಒಂದು ಚಿತ್ರವನ್ನು ಕೊಡಲೇಬೇಕು ಎಂಬುದು. ಕಡತ ಅಕಾಲದಲ್ಲಿ ಮುಗಿದರೆ ಲೈಬ್ರರಿ ತಾನೇ ಒಂದು ಕೃತಕ ಸಮಾಪ್ತಿಚಿಹ್ನೆಯನ್ನು ಸೇರಿಸಿ ಮುಂದುವರಿಯುತ್ತದೆ. ಹಫ್‌ಮನ್ ಗುರುತುಗಳನ್ನು ಓದುತ್ತಿರುವಾಗ ಬಿಟ್‌ಗಳು ಸಾಲದೆಹೋದರೆ ಸೊನ್ನೆಗಳನ್ನು ತುಂಬುತ್ತದೆ. ಆಮೇಲಿನ ಚೌಕಗಳ ಗುಣಾಂಕಗಳನ್ನೆಲ್ಲ ಸೊನ್ನೆಯಾಗಿಯೇ ಬಿಡುತ್ತದೆ. ಸೊನ್ನೆಯ ಗುಣಾಂಕಗಳಿಂದ ಮೂಡುವುದು ೧೨೮ರ ಮಟ್ಟದ ಸಮವಾದ ಬೂದುಬಣ್ಣ. ಅರ್ಧ ಇಳಿಸಿಕೊಂಡ ಚಿತ್ರಗಳ ಕೆಳಭಾಗ ಬೂದಾಗಿ ಕಾಣುವುದನ್ನು ವಾಚಕರು ಬಲ್ಲರು.

ನಡುವಿನಲ್ಲಿ ಕೆಟ್ಟರೆ ಸ್ಥಿತಿ ಇನ್ನೂ ತೊಡಕಿನದು. ಪ್ರತಿಯೊಂದು ಚೌಕದ ಸರಾಸರಿ ಹೊಳಪನ್ನು ಹಿಂದಿನ ಚೌಕದಿಂದ ಎಷ್ಟು ಹೆಚ್ಚು ಅಥವಾ ಕಡಮೆ ಎಂಬ ವ್ಯತ್ಯಾಸವಾಗಿ ಬರೆದಿರುವುದರಿಂದ, ಒಂದು ಬಿಟ್ಟಿನ ದೋಷ ಗುರುತುಗಳ ವಿಭಾಗವನ್ನು ಕೆಡಿಸುವುದಲ್ಲದೆ ಮುಂದಿನ ಚೌಕಗಳ ಬಣ್ಣವನ್ನೂ ಪಲ್ಲಟಗೊಳಿಸುತ್ತ ಹೋಗುತ್ತದೆ. ಇದನ್ನು ತಡೆಯಲು ಮಾನಕವು ಪುನರಾರಂಭಚಿಹ್ನೆಗಳನ್ನು ಇಡಲು ಅವಕಾಶ ಕೊಟ್ಟಿದೆ. ಸೊನ್ನೆಯಿಂದ ಏಳರವರೆಗೆ ಸರದಿಯಾಗಿ ಸಂಖ್ಯೆಹಾಕಿದ ಈ ಚಿಹ್ನೆಗಳ ಬಳಿ ಲೆಕ್ಕ ಹೊಸದಾಗಿ ಆರಂಭವಾಗುತ್ತದೆ. ಮೂರನೆಯದು ಬರಬೇಕಾದೆಡೆ ನಾಲ್ಕನೆಯದೋ ಐದನೆಯದೋ ಬಂದರೆ ನಡುವಿನದು ಕಳೆದುಹೋಗಿದೆಯೆಂದು ಊಹಿಸಿ ಲಿಬ್‌ಜೆಪೆಗ್ ಆ ಭಾಗದ ಜಾಗವನ್ನು ಹಾಗೆಯೇ ಬಿಟ್ಟು ಮುಂದಿನದನ್ನು ಅದರ ಸ್ಥಾನದಲ್ಲಿ ಕೂಡಿಸುತ್ತದೆ. ಹಿಂದಿನ ಸಂಖ್ಯೆ ಮರುಕಳಿಸಿದರೆ ಅದನ್ನು ದಾಟಿ ಸಾಗುತ್ತದೆ. ಗರಿಗಳ ಅಂಕೆಯನ್ನು ನೋಡಿ ಕಟ್ಟಿನಲ್ಲಿ ಯಾವ ಗರಿ ಲುಪ್ತವೆಂದು ಗುರುತಿಸುವ ಸಂಪಾದಕನ ವಿವೇಕವೇ ಇಲ್ಲಿ ಕಾಣುತ್ತದೆ. ಕೃತಿಯ ಅತ್ಯಂತ ಮೆಚ್ಚತಕ್ಕ ಭಾಗಗಳಲ್ಲಿ ಇದೊಂದು.

ಆದರೆ ಸಂಪಾದಕನಾದವನು ತಾನು ತುಂಬಿದುದನ್ನು ಗುರುತುಮಾಡಿ ತೋರಿಸುತ್ತಾನೆ. ಗ್ರೀಕ್ ಮತ್ತು ಲ್ಯಾಟಿನ್ ಶಾಸನಗಳ ವಿದ್ವಾಂಸರು ೧೯೩೧ರಲ್ಲಿ ಲೈಡನ್ನಿನಲ್ಲಿ ಕೂಡಿ ಇದಕ್ಕಾಗಿ ಕಂಸಗಳ ಒಂದು ಪದ್ಧತಿಯನ್ನೇ ಗೊತ್ತುಮಾಡಿದರು. 'ಎಪಿಗ್ರಾಫಿಯಾ ಇಂಡಿಕಾ' ಸಂಪುಟಗಳಲ್ಲಿ ಮಸುಕಾದ ಅಕ್ಷರವನ್ನು ಚೌಕಕಂಸದಲ್ಲಿಟ್ಟು, ಸಂಪಾದಕರು ಸೇರಿಸಿದುದಕ್ಕೆ ನಕ್ಷತ್ರಚಿಹ್ನೆಯನ್ನು ಹಾಕಿರುವುದನ್ನು ನಮ್ಮ ವಿದ್ಯಾರ್ಥಿಗಳೂ ಬಲ್ಲರು. ಲಿಬ್‌ಜೆಪೆಗ್ ಕೊಡುವ ಚುಕ್ಕಿಗಳಲ್ಲಿ ಇಂತಹ ಕಂಸವಿಲ್ಲ. ಓದಿ ತಿಳಿದ ಚುಕ್ಕಿಯೂ ತುಂಬಿಸಿದ ಚುಕ್ಕಿಯೂ ಒಂದೇ ಸಾಲಿನಲ್ಲಿ, ಒಂದೇ ರೂಪದಲ್ಲಿ ಹೊರಬರುತ್ತವೆ. ನಮ್ಮ ಮುಖ್ಯ ಆಕ್ಷೇಪಣೆ ಇದು.

ಇದಕ್ಕೆ ಕರ್ತೃಗಳ ಕಡೆಯಿಂದ ಸಮಾಧಾನವಿಲ್ಲದಿಲ್ಲ. ದೋಷ ಕಂಡಾಗಲೆಲ್ಲ ಲೈಬ್ರರಿ ಎಚ್ಚರಿಕೆಯನ್ನು ಕೊಡುತ್ತದೆ. ಎಚ್ಚರಿಕೆಗಳ ಸಂಖ್ಯೆಯನ್ನು ಎಣಿಸಿಯೂ ಇಡುತ್ತದೆ. ಲೈಬ್ರರಿಯೊಡನೆ ಬರುವ 'ಡಿಜೆಪೆಗ್' ಎಂಬ ಸಣ್ಣ ಪ್ರೋಗ್ರಾಂ, ಎಚ್ಚರಿಕೆ ಒಂದಾದರೂ ಬಂದಿದ್ದರೆ, ಕೆಲಸವನ್ನು ಪೂರೈಸಿದ ಮೇಲೂ ೨ ಎಂಬ ಅಂಕೆಯನ್ನು ಹಿಂತಿರುಗಿಸಿ ಆ ಸಂಗತಿಯನ್ನು ಕಾರ್ಯವ್ಯವಸ್ಥೆಗೆ ತಿಳಿಸುತ್ತದೆ. ಇದು ಪ್ರಾಮಾಣಿಕ ನಡೆಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಕೆಟ್ಟ ಕಡತದಿಂದ ಎಚ್ಚರಿಕೆಗಳು ರಾಶಿರಾಶಿಯಾಗಿ ಬರಬಹುದೆಂದು, ಸಾಮಾನ್ಯಕ್ರಮದಲ್ಲಿ ಮೊದಲನೆಯದೊಂದನ್ನು ಮಾತ್ರ ತೋರಿಸಿ ಉಳಿದವನ್ನು ಎಣಿಕೆಗಷ್ಟೇ ಸೇರಿಸಿದ್ದಾರೆ. ಎಲ್ಲಿ, ಯಾವ ಸಾಲಿನಲ್ಲಿ, ಯಾವ ಚೌಕದಿಂದ ಯಾವ ಚೌಕದವರೆಗೆ ಎಂಬ ವಿವರ ಬಳಸುವವನ ಕೈಗೆ ಬರುವುದಿಲ್ಲ. ಇನ್ನು ಚಿತ್ರವನ್ನು ತೆರೆದು ತೋರಿಸುವ ಅನೇಕ ಪ್ರೋಗ್ರಾಂಗಳು ಈ ಒಂದು ಎಚ್ಚರಿಕೆಯನ್ನೂ ನುಂಗಿಬಿಡುತ್ತವೆ. ಆ ಅಪರಾಧ ಲೈಬ್ರರಿಯದಲ್ಲ. ಆದರೂ ಚುಕ್ಕಿಗಳೊಡನೆ ಎಚ್ಚರಿಕೆಯ ಸ್ಥಾನನಿರ್ದೇಶವೂ ಬರುವಂತೆ ಮೊದಲೇ ರಚಿಸಿದ್ದರೆ ನುಂಗುವುದು ಇಷ್ಟು ಸುಲಭವಾಗುತ್ತಿರಲಿಲ್ಲ. ಮೊದಲ ಎಚ್ಚರಿಕೆಗೇ ನಿಂತುಬಿಡುವ ಆಯ್ಕೆಯನ್ನು ಟರ್ಬೊ ಶಾಖೆ ತರುವಾಯ ಒದಗಿಸಿದೆ. ನಿಲ್ಲುವುದಕ್ಕೂ ಮುಚ್ಚಿ ನಡೆಯುವುದಕ್ಕೂ ನಡುವೆ ಗುರುತುಮಾಡಿ ನಡೆಯುವುದೊಂದಿದೆ. ಅದನ್ನು ಯಾವ ಶಾಖೆಯೂ ಮಾಡಿಲ್ಲ.

ಬೂದುಬಣ್ಣವನ್ನು ಕುರಿತು ನಾವು ಕಠಿನರಾಗಲಾರೆವು. ಬೂದು ಕಂಡವನಿಗೆ ಅಲ್ಲೇನೋ ಇಲ್ಲವೆಂದು ತಾನಾಗಿ ತಿಳಿಯುತ್ತದೆ. ಕಠಿನವಾಗಿ ವಿಚಾರಿಸಬೇಕಾದುದು 'ಬ್ಲಾಕ್ ಸ್ಮೂದಿಂಗ್' ಎಂಬ ಉಪಚಾರವನ್ನು. ಜೆಪೆಗ್ ಚಿತ್ರಗಳಲ್ಲಿ ಹಂತಹಂತವಾಗಿ ಬರೆಯುವ ಒಂದು ಬಗೆಯುಂಟು: ಮೊದಲು ಎಲ್ಲ ಚೌಕಗಳ ಸರಾಸರಿ, ಆಮೇಲೆ ಒರಟು ವಿವರ, ಕೊನೆಗೆ ಸೂಕ್ಷ್ಮ ವಿವರ. ದೂರವಾಣಿ ತಂತಿಯ ಮೂಲಕ ನಿಧಾನವಾಗಿ ಚಿತ್ರಗಳನ್ನು ತರಿಸಿಕೊಳ್ಳುತ್ತಿದ್ದ ೧೯೯೦ರ ದಶಕದಲ್ಲಿ ಇದು ದೊಡ್ಡ ಅನುಕೂಲವಾಗಿತ್ತು. ಇಂತಹ ಕಡತದ ಮೊದಲ ಹಂತ ಮಾತ್ರ ದೊರೆತಾಗ ೬ಬಿ ಏನು ಮಾಡುತ್ತದೆಂದರೆ, ಒಂದು ಚೌಕದ ಸುತ್ತಲಿನ ಎಂಟು ಚೌಕಗಳ ಸರಾಸರಿಗಳನ್ನು ನೋಡಿ, ನಡುವಿನ ಚೌಕದಲ್ಲಿ ಇನ್ನೂ ಬಾರದ ಮೊದಲ ಕೆಲವು ಗುಣಾಂಕಗಳು ಏನಿರಬಹುದೆಂದು ಊಹಿಸಿ ತುಂಬುತ್ತದೆ. ಕೇಳದೆಯೇ ತುಂಬುತ್ತದೆ, ಬೇಡವೆಂದರೆ ಮಾತ್ರ ಬಿಡುತ್ತದೆ. ಈ ಉಪಾಯವನ್ನು ಸೂಚಿಸಿದುದು ಮಾನಕದ ಅನುಬಂಧವೇ ಆದುದರಿಂದ ಕರ್ತೃಗಳನ್ನು ಮಾತ್ರ ದೂರುವುದು ನ್ಯಾಯವಲ್ಲ. ಪರಿಣಾಮವಾಗಿ ಚೌಕಚೌಕವಾದ ಒರಟುಚಿತ್ರದ ಬದಲು ನಯವಾದ ಚಿತ್ರ ಮೂಡುತ್ತದೆ. ನಿಸರ್ಗಚಿತ್ರದ ಮಟ್ಟಿಗೆ ಇದು ರಮ್ಯ. ದಾಖಲೆಯ ಮಟ್ಟಿಗೆ ಇದು ಗುರುತಿಲ್ಲದ ಪ್ರಕ್ಷೇಪ. ಚೌಕಗಳು ಎದ್ದು ಕಾಣುತ್ತಿದ್ದರೆ ಚಿತ್ರ ಅಪೂರ್ಣವೆಂದು ನೋಡುವವನು ಅರಿಯುತ್ತಿದ್ದ. ನಯವಾದುದನ್ನು ಕಂಡು ಮೂಲವೇ ಮಸುಕಾಗಿತ್ತೆಂದು ಭಾವಿಸುತ್ತಾನೆ.

ನಷ್ಟವು ನಷ್ಟದಂತೆ ಕಾಣುವುದಕ್ಕೂ ಕಾಣದಿರುವುದಕ್ಕೂ ಇರುವ ಅಂತರ ಎಷ್ಟು ದೊಡ್ಡದೆಂಬುದನ್ನು ಜೆಪೆಗ್ಗಿಗೆ ಹೊರಗಿನ ಒಂದು ನಿದರ್ಶನದಿಂದ ತಿಳಿಯಬಹುದು. ೨೦೧೩ರ ಆಗಸ್ಟಿನಲ್ಲಿ ಡೇವಿಡ್ ಕ್ರೀಸೆಲ್ ಎಂಬ ಜರ್ಮನ್ ಗಣಕವಿಜ್ಞಾನಿ, ಜೆರಾಕ್ಸ್ ಕಂಪೆನಿಯ ಕೆಲವು ವರ್ಕ್‌ಸೆಂಟರ್ ಯಂತ್ರಗಳು ಕಾಗದವನ್ನು ಸ್ಕ್ಯಾನ್ ಮಾಡುವಾಗ ಅಂಕೆಗಳನ್ನು ಬದಲಿಸುತ್ತಿವೆಯೆಂದು ಪ್ರಕಟಪಡಿಸಿದರು. ಕಟ್ಟಡದ ನಕ್ಷೆಯೊಂದರಲ್ಲಿ ೨೧.೧೧ ಚದರ ಮೀಟರ್ ಎಂದಿದ್ದ ಕೋಣೆ ೧೪.೧೩ ಚದರ ಮೀಟರ್ ಆಗಿ ಹೊರಬಂದಿತ್ತು. ಬೇರೆ ಕಾಗದಗಳಲ್ಲಿ ಆರು ಎಂಟಾಗಿತ್ತು. ಕಾರಣ 'ಜೆಬಿಗ್ ೨' ಎಂಬ ಸಂಕೋಚನ. ಅದು ಪುಟದಲ್ಲಿನ ಆಕೃತಿಗಳನ್ನು ಹೋಲಿಸಿ, ಎರಡು ಸಾಕಷ್ಟು ಸದೃಶವಾಗಿ ಕಂಡರೆ ಒಂದನ್ನೇ ಉಳಿಸಿಕೊಂಡು ಎರಡೂ ಕಡೆ ಅದನ್ನೇ ಅಚ್ಚೊತ್ತುತ್ತದೆ. ಬಿಡಿಸುವವನು ನಿರ್ದೋಷಿ, ಅವನು ಬರೆದುದನ್ನೇ ಓದಿದ. ಆದರೆ ಓದಿದ ಅಂಕೆ ಶುದ್ಧವಾಗಿ, ಸ್ಫುಟವಾಗಿ, ತಪ್ಪಾಗಿ ಇತ್ತು. ಜೆಪೆಗ್ಗಿನ ಲೋಪ ಮಸುಕಾಗಿ, ಚೌಕವಾಗಿ, ಅಕ್ಷರದ ಸುತ್ತ ಕದಡಿದ ನೀರಿನಂತೆ ಕಾಣುತ್ತದೆ. ಅದು ಲಿಪಿಕಾರನ ಕೈ ನಡುಗಿದಂತೆ. ಇದಾದರೋ ಲಿಪಿಕಾರನು ತನಗೆ ತಿಳಿದ ಪದವನ್ನು ತಿಳಿಯದ ಪದದ ಜಾಗದಲ್ಲಿ ಅಂದವಾಗಿ ಬರೆದಂತೆ. ಪಾಠಸಂಪಾದನೆಯಲ್ಲಿ ಇವೆರಡರಲ್ಲಿ ಯಾವುದಕ್ಕೆ ಹೆಚ್ಚು ಹೆದರಬೇಕೆಂಬುದು ಎಲ್ಲರಿಗೂ ತಿಳಿದದ್ದೇ. ಈ ತಕ್ಕಡಿಯಲ್ಲಿ ತೂಗಿದರೆ ಲಿಬ್‌ಜೆಪೆಗ್ ಬಹುಮಟ್ಟಿಗೆ ಪ್ರಾಮಾಣಿಕ ಲಿಪಿಕಾರನೆಂದೇ ಹೇಳಬೇಕು.

ಸಿ ಭಾಷೆಯಲ್ಲಿ ಬರೆದುದರಿಂದ ಬರುವ ಗುಣದೋಷಗಳನ್ನು ಕುರಿತು ನಾಲ್ಕು ಮಾತು. ಈ ಭಾಷೆ ವೇಗವನ್ನು ಕೊಡುತ್ತದೆ, ಕಾವಲನ್ನು ಕೊಡುವುದಿಲ್ಲ. ಕೋಷ್ಟಕದ ಹೊರಗಿನ ಮನೆಯನ್ನು ಮುಟ್ಟಹೊರಟವನನ್ನು ತಾನಾಗಿ ತಡೆಯುವುದಿಲ್ಲ. ಕೆಟ್ಟ ಕಡತದಿಂದ ಹುಚ್ಚುಹುಚ್ಚಾದ ಬೆಲೆಗಳು ಬರಬಹುದೆಂಬುದನ್ನು ೬ಬಿಯ ಕರ್ತೃಗಳು ಮುಂದಾಗಿಯೇ ಯೋಚಿಸಿದ್ದರು. ಲೆಕ್ಕದ ಕೊನೆಯಲ್ಲಿ ಬೆಲೆಯನ್ನು ೦ಯಿಂದ ೨೫೫ರೊಳಗೆ ತರುವ ಕೋಷ್ಟಕವನ್ನು ಅವರು ರಚಿಸಿರುವ ಬಗೆಯನ್ನು ನೋಡಬೇಕು: ಬಂದ ಸಂಖ್ಯೆಯ ಕೊನೆಯ ಹತ್ತು ಬಿಟ್‌ಗಳನ್ನು ಮಾತ್ರ ಉಳಿಸಿಕೊಂಡು, ಸಾವಿರದ ಇಪ್ಪತ್ತನಾಲ್ಕು ಸಾಧ್ಯತೆಗಳಿಗೂ ಮನೆಗಳನ್ನು ಕಟ್ಟಿಟ್ಟಿದ್ದಾರೆ. ಸಂಖ್ಯೆ ಎಂತಹದೇ ಬರಲಿ, ಕೈ ಕೋಷ್ಟಕದ ಹೊರಗೆ ಹೋಗುವುದಿಲ್ಲ. ಪರೀಕ್ಷಿಸುವ ಶ್ರಮವಿಲ್ಲದೆ ಕ್ಷೇಮವನ್ನು ಸಾಧಿಸಿದ ಈ ಜಾಣ್ಮೆಯನ್ನು ಎಷ್ಟು ಮೆಚ್ಚಿದರೂ ಸಲ್ಲುತ್ತದೆ.

ಆದರೂ ಎಲ್ಲ ಬಾಗಿಲುಗಳೂ ಮುಚ್ಚಿರಲಿಲ್ಲ. ೨೦೧೩ರಲ್ಲಿ ಮಿಹಾವ್ ಜಾಲೆವ್ಸ್ಕಿ ಎಂಬ ಸಂಶೋಧಕರು ತೋರಿಸಿದಂತೆ, ಚಿತ್ರದ ಬಣ್ಣಘಟಕಗಳ ಪಟ್ಟಿಯಲ್ಲಿ ಒಂದೇ ಘಟಕವನ್ನು ಎರಡು ಸಲ ಹೆಸರಿಸಿದ ಕಡತವನ್ನು ೬ಬಿಯೂ ಅಂದಿನ ಟರ್ಬೊವೂ ತಿರಸ್ಕರಿಸುತ್ತಿರಲಿಲ್ಲ. ಆಗ ಒಂದು ಘಟಕಕ್ಕೆ ಬೆಲೆಯೇ ಬರೆಯಲ್ಪಡದೆ, ಗಣಕದ ಸ್ಮೃತಿಯಲ್ಲಿ ಹಿಂದೆ ಯಾವುದೋ ಕೆಲಸಕ್ಕೆ ಬಳಸಿ ಉಳಿದಿದ್ದ ಬೆಲೆಗಳು ಚಿತ್ರದೊಳಗೆ ಇಣುಕುತ್ತಿದ್ದುವು. ಹಳೆಯ ಬರಹವನ್ನು ಕೆರೆದು ಹೊಸದನ್ನು ಬರೆದ ಚರ್ಮಪತ್ರದಲ್ಲಿ ಕೆಳಗಿನ ಅಕ್ಷರಗಳು ಮೂಡಿದಂತೆ. ಹದಿನೈದು ವರ್ಷ ಕಾಲ ಅಸಂಖ್ಯಾತ ಯಂತ್ರಗಳಲ್ಲಿದ್ದ ಪಾಠದಲ್ಲಿ ಈ ಸ್ಖಾಲಿತ್ಯ ಯಾರ ಕಣ್ಣಿಗೂ ಬೀಳದಿದ್ದುದು ಆಶ್ಚರ್ಯ. ಮಾನಕವೇ ನಿಷೇಧಿಸಿದ ರೂಪವನ್ನು ಪ್ರಾಮಾಣಿಕ ಬರೆಹಗಾರ ಬರೆಯುವುದಿಲ್ಲವೆ, ಆದುದರಿಂದ ಯಾರೂ ಕಾಣಲಿಲ್ಲ. ೨೦೨೩ರ ಸೆಪ್ಟೆಂಬರಿನಲ್ಲಿ ಗೂಗಲ್ ಕಂಪೆನಿಯ 'ಲಿಬ್‌ವೆಬ್‌ಪಿ' ಎಂಬ ಮತ್ತೊಂದು ಸಿ ಲೈಬ್ರರಿಯಲ್ಲಿ ಕಂಡ ದೋಷವೂ ಇದೇ ಜಾತಿಯದು, ಆದರೆ ಹೆಚ್ಚು ಘೋರ. ಅಲ್ಲಿ ಹಫ್‌ಮನ್ ಕೋಷ್ಟಕಕ್ಕೆ ಸಕ್ರಮವಾದ ಗುರುತುಗಳು ಗರಿಷ್ಠ ಎಷ್ಟು ಮನೆಗಳನ್ನು ಬೇಡುವುವೋ ಅಷ್ಟನ್ನು ಮುಂಚೆಯೇ ಲೆಕ್ಕಹಾಕಿ ಜಾಗ ಮಾಡಿದ್ದರು. ಅಕ್ರಮವಾದ ಗುರುತುಗಳನ್ನು ಕಡತದಲ್ಲಿಟ್ಟರೆ ಅವು ಅಕ್ರಮವೆಂದು ತಿಳಿಯುವ ಮೊದಲೇ ಕೋಷ್ಟಕ ತುಂಬಿ ಆಚೆಗೆ ಹರಿಯುತ್ತಿತ್ತು. ಒಂದು ಚಿತ್ರವನ್ನು ತೋರಿಸಿಯೇ ಪರರ ಯಂತ್ರವನ್ನು ಹಿಡಿಯಲು ದಾರಿಯಾಯಿತು. ಮೊದಲು ಅಳೆದು ಆಮೇಲೆ ಕಟ್ಟುವಂತೆ ಅದನ್ನು ತಿದ್ದಿದರು. ಓದುಗನು ಆಕರವನ್ನು ನಂಬಿದಷ್ಟೂ ಆಕರದ ಕೈಗೊಂಬೆಯಾಗುತ್ತಾನೆಂಬುದಕ್ಕೆ ಸಾಕ್ಷಿಯಾಗಿ ಈ ಎರಡು ಘಟನೆಗಳೂ ಇತಿಹಾಸದ ವಿದ್ಯಾರ್ಥಿಗೆ ಉಪಯುಕ್ತ.

ಲಿಬ್‌ಜೆಪೆಗ್ಗಿನ ವ್ಯಾಖ್ಯಾನಭಾಗವನ್ನು ಪ್ರಶಂಸಿಸದೆ ಈ ವಿಮರ್ಶೆಯನ್ನು ಮುಗಿಸುವುದು ಕೃತಘ್ನತೆಯಾದೀತು. ಮೂಲದೊಡನೆ ಬರುವ ರಚನಾವಿವರಣೆಯಲ್ಲಿ ಯಾವ ಕಾರ್ಯ ಯಾವ ಕಡತದಲ್ಲಿದೆ, ಏಕೆ ಹಾಗೆ ವಿಭಾಗಿಸಿದೆ, ಯಾವುದನ್ನು ಬಿಟ್ಟಿದೆ ಎಂಬುದನ್ನೆಲ್ಲ ನೇರವಾದ ಗದ್ಯದಲ್ಲಿ ಬರೆದಿದ್ದಾರೆ. ಗಣಿತದ ಅರಿವು ಅಷ್ಟಾಗಿ ಇಲ್ಲದವರೂ ತಾಳ್ಮೆಯಿಂದ ಕುಳಿತರೆ ಓದಬಹುದಾದ ಬರಹ ಅದು.

ನಮ್ಮ ವಿಭಾಗದ ಪ್ರಕಟನೆಗಳಿಗೆ ಸಂಬಂಧಪಟ್ಟಂತೆ ಎರಡು ಸೂಚನೆಗಳನ್ನು ಮುಂದಿಡುತ್ತೇವೆ. ಚಿತ್ರವನ್ನು ಆಧಾರವಾಗಿ ಕೊಟ್ಟು ಅಕ್ಷರವೊಂದನ್ನು ನಿರ್ಣಯಿಸುವ ಲೇಖನದಲ್ಲಿ, ಕಡತದಲ್ಲಿ ಬಣ್ಣವನ್ನು ನಾಲ್ಕಕ್ಕೊಂದರಂತೆ ಇಳಿಸಿದೆಯೆ, ಅದನ್ನು ಯಾವ ಲೈಬ್ರರಿಯ ಯಾವ ಆವೃತ್ತಿಯಿಂದ ಬಿಡಿಸಿದೆ, ಬಿಡಿಸುವಾಗ ಎಚ್ಚರಿಕೆ ಬಂದಿತೆ ಎಂಬ ಮೂರು ಸಂಗತಿಗಳನ್ನು ಅಡಿಯಲ್ಲಿ ನಮೂದಿಸಬೇಕು. ಎರಡನೆಯದಾಗಿ, ಮೂಲ ಕಡತವನ್ನು ಬಿಡಿಸಿ ಮತ್ತೆ ಸಂಕೋಚಿಸಿ ಇಡುವ ರೂಢಿ ನಿಲ್ಲಬೇಕು. ಪ್ರತಿಯ ಪ್ರತಿಯಲ್ಲಿ ದೋಷ ಬೆಳೆಯುವಂತೆ ಪ್ರತಿ ಸಲವೂ ಭಾಗಾಕಾರದ ನಷ್ಟ ಹೊಸದಾಗಿ ಸೇರಬಹುದು. ಅಡ್ಡಲಾಗಿ ತೆಗೆದ ಚಿತ್ರವನ್ನು ನೆಟ್ಟಗೆ ತಿರುಗಿಸುವುದಷ್ಟೇ ಬೇಕಾಗಿದ್ದರೆ ೬ಬಿಯೊಡನೆ ಬಂದ 'ಜೆಪೆಗ್‌ಟ್ರಾನ್' ಎಂಬ ಪ್ರೋಗ್ರಾಂ ಅದನ್ನು ಚುಕ್ಕಿಗಳವರೆಗೆ ಬಿಡಿಸದೆ, ಗುಣಾಂಕಗಳನ್ನೇ ಸ್ಥಾನಪಲ್ಲಟಮಾಡಿ, ನಷ್ಟವಿಲ್ಲದೆ ಮಾಡಿಕೊಡುತ್ತದೆ. ಆದರೆ ಚಿತ್ರದ ಅಗಲವಾಗಲಿ ಎತ್ತರವಾಗಲಿ ಪೂರ್ಣ ಚೌಕಗಳಿಗೆ ಸರಿಹೊಂದದಿದ್ದರೆ ಅಂಚಿನಲ್ಲಿ ಉಳಿದ ಕಿರುಪಟ್ಟಿಯನ್ನು ಅದು ಸರಿಯಾದ ಸ್ಥಾನಕ್ಕೆ ಒಯ್ಯಲಾರದು. ಕತ್ತರಿಸುವಂತೆ ಹೇಳಿದರೆ ಆ ಪಟ್ಟಿಯನ್ನು ಕತ್ತರಿಸಿ ಬಿಸುಡುತ್ತದೆ. ತಾಳೆಗರಿಗಳ ಚಿತ್ರಗಳನ್ನು ತಿರುಗಿಸುವವರು ಕತ್ತರಿಸುವ ಆ ಆಯ್ಕೆಯನ್ನು ಹಾಕಬಾರದು. ಗರಿಯ ಅಂಕೆಯನ್ನು ಬರೆದಿರುವುದು ಅಂಚಿನಲ್ಲಿಯೇ.